ಮೊಯ್ ನದಿಯ ತೀರದಲ್ಲಿ

ಹುಟ್ಟಿದ ಮನೆಯನ್ನು ಬಿಟ್ಟು ದೂರ ಹೋದ ಜೀವ ಒಂದಲ್ಲ ಒಂದು ದಿನ ತವರನ್ನು ನೆನೆಯುತ್ತದೆ. ಮನುಷ್ಯರ ಮಾತು ಹಾಗಿರಲಿ. ಮೀನೊಂದು ಸಾವಿರಾರು ಕಿಲೋಮೀಟರ್ ಕಡಲನ್ನು ಈಜಿ, ತಾನು ಹುಟ್ಟಿದ ಹಳ್ಳದ ನೀರನ್ನೇ ಹುಡುಕಿಕೊಂಡು ಮರಳಿ ಬರುತ್ತದೆ ಎಂಬುದನ್ನು ನಾವು ಓದಿ ತಿಳಿದಿದ್ದೆವು. ಅದನ್ನು ಕಣ್ಣಾರೆ ಕಾಣುವ ಯೋಗ ಕೂಡಿಬಂದದ್ದು 2024ರ ಜೂನ್ ತಿಂಗಳಲ್ಲಿ, ಐರ್ಲೆಂಡ್ ದೇಶದ ಪಶ್ಚಿಮ ಭಾಗದ ಮೇಯೋ ಜಿಲ್ಲೆಯ ಮೊಯ್ ಎಂಬ ನದಿಯ ದಡದಲ್ಲಿ. ಆದರೆ ಓದುಗರಲ್ಲಿ ಮೊದಲೇ ನಿವೇದಿಸಿಕೊಳ್ಳಬೇಕು: ನಾವು ಅಲ್ಲಿಗೆ ಹೊರಟದ್ದು ಉತ್ಸಾಹದಿಂದಲ್ಲ, ಒಂದು ಬಗೆಯ ಆತಂಕದಿಂದ.

ನಮ್ಮ ಮಗಳು, ಅಳಿಯಂದಿರು ಡಬ್ಲಿನ್ ನಗರದಲ್ಲಿ ನೆಲೆಸಿ ಹಲವು ವರ್ಷಗಳಾದವು. ಮೊಮ್ಮಗನಿಗೆ ಈಗ ಹನ್ನೆರಡು ವರ್ಷ. ನಾವಿಬ್ಬರೂ ಹೋಗಿ ಇಳಿದ ಮೂರನೆಯ ದಿನವೇ ಆತ ನಮ್ಮ ಬಳಿ ಕುಳಿತು, "ಅಜ್ಜಾ, ನನ್ನ ಗೆಳೆಯನ ತಾತ ಹಳ್ಳಿಯಲ್ಲಿದ್ದಾರೆ. ರಜೆಗೆ ಬಾ, ಗಾಳ ಹಾಕುವುದನ್ನು ಕಲಿಸುತ್ತೇನೆ ಅಂದಿದ್ದಾರೆ. ಹೋಗಲೇ?" ಎಂದು ಕೇಳಿದ. ತಂದೆತಾಯಿಗಳು ಉತ್ತರವನ್ನು ನಮ್ಮ ತಲೆಗೆ ಕಟ್ಟಿ ಸುಮ್ಮನಾಗಿದ್ದರು. ನಮ್ಮ ಮನೆಯವರ ಮುಖ ಬಾಡಿತು. ದಯೆಯೇ ದೊಡ್ಡದೆಂದು ಕೇಳುತ್ತ ಬೆಳೆದ ಮನೆತನ. ಇರುವೆಯ ಸಾಲು ಕಂಡರೆ ಹೆಜ್ಜೆ ತಪ್ಪಿಸಿ ಇಡುವ ಹೆಂಗಸು. "ಕೊಲ್ಲುವುದನ್ನು ಕಲಿಯುವುದಕ್ಕೆ ಹೋಗುತ್ತೀಯೇನೋ ಕಂದಾ?" ಎಂದರು. ಹುಡುಗ ತಟ್ಟನೆ, "ಇಲ್ಲ ಅಜ್ಜಿ, ಹಿಡಿದು ಮತ್ತೆ ನೀರಿಗೇ ಬಿಡುತ್ತಾರೆ" ಎಂದ. "ಬಿಡುವುದಾದರೆ ಹಿಡಿಯುವುದೇಕೆ?" ಎಂಬ ಅಜ್ಜಿಯ ಪ್ರಶ್ನೆಗೆ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ. ನಮ್ಮಲ್ಲಿಯೂ ಇರಲಿಲ್ಲ. ನೋಡದೆ ಬೇಡವೆನ್ನುವುದಕ್ಕಿಂತ ನೋಡಿ ತೀರ್ಮಾನಿಸುವುದು ಲೇಸೆಂದು, ಎಲ್ಲರೂ ಕೂಡಿ ಹೊರಟೆವು.

ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ಪಶ್ಚಿಮಕ್ಕೆ ಹೋಗುವ ರೈಲು ಅಥ್ಲೋನ್ ಎಂಬಲ್ಲಿ ಶ್ಯಾನನ್ ಮಹಾನದಿಯನ್ನು ದಾಟುತ್ತದೆ. ಅಲ್ಲಿಂದ ಮುಂದೆ ಊರುಗಳು ವಿರಳ. ಕಲ್ಲಿನ ಗೋಡೆಗಳ ನಡುವೆ ಹಸಿರು ಹುಲ್ಲುಗಾವಲು, ಮೇಯುವ ದನಕುರಿ, ಅಲ್ಲಲ್ಲಿ ಕಪ್ಪು ಜೌಗುನೆಲ. ಸಸ್ಯಗಳು ಸಾವಿರಾರು ವರ್ಷ ನೀರಿನಲ್ಲಿ ನೆನೆದು ಆದ ಆ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಒಲೆಗೆ ಉರುವಲಾಗಿ ಬಳಸುವುದು ಆ ನಾಡಿನ ಹಳೆಯ ಪದ್ಧತಿ. ಮನುಲ್ಲಾ ಎಂಬ ಪುಟ್ಟ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ, ಫಾಕ್ಸ್‌ಫರ್ಡ್ ಎಂಬ ಊರಿನಲ್ಲಿ ಇಳಿದೆವು. ಇಲ್ಲಿ 1892ರಲ್ಲಿ ಕ್ರೈಸ್ತ ಸಂನ್ಯಾಸಿನಿಯರು ಬಡವರ ಹೊಟ್ಟೆಪಾಡಿಗಾಗಿ ಮೊಯ್ ನದಿಯ ನೀರಿನ ಬಲದಿಂದಲೇ ನಡೆಯುವ ಉಣ್ಣೆಯ ಗಿರಣಿಯನ್ನು ಸ್ಥಾಪಿಸಿದರು. ಆ ಊರಿನ ಕಂಬಳಿಗಳು ಇಂದಿಗೂ ಹೆಸರುವಾಸಿ. ನದಿಯೊಂದು ಊರಿಗೆ ಅನ್ನವಿಡುವ ಬಗೆ ಎಲ್ಲೆಡೆಯೂ ಒಂದೇ ಎನಿಸಿತು.

ಮೊಯ್ ನದಿ ಸ್ಲೈಗೋ ಜಿಲ್ಲೆಯ ಆಕ್ಸ್ ಬೆಟ್ಟಸಾಲಿನಲ್ಲಿ ಹುಟ್ಟಿ, ಸುಮಾರು 100 ಕಿಲೋಮೀಟರ್ ಬಳಸಿ ಹರಿದು, ಬ್ಯಾಲಿನಾ ಪಟ್ಟಣವನ್ನು ದಾಟಿ, ಕಿಲ್ಲಾಲಾ ಕೊಲ್ಲಿಯಲ್ಲಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಕಾನ್ ಮತ್ತು ಕಲ್ಲಿನ್ ಎಂಬ ಎರಡು ಸರೋವರಗಳ ನೀರೂ ಇದನ್ನೇ ಕೂಡುತ್ತದೆ. ಸಾಲ್ಮನ್ ಮೀನುಗಳಿಗೆ ಐರ್ಲೆಂಡಿನಲ್ಲಿಯೇ ಹೆಸರಾಂತ ನದಿಯಿದು. ಬ್ಯಾಲಿನಾ ಪಟ್ಟಣದ ನಡುವೆ ಒಡ್ಡಿನ ಕೆಳಗಿರುವ ರಿಜ್ ಪೂಲ್ ಎಂಬ ಮಡುವಿನಲ್ಲಿ ಗಾಳ ಹಾಕಲು ದೂರದೇಶಗಳಿಂದ ಜನ ಬರುತ್ತಾರೆ. ಪಕ್ಕದಲ್ಲಿಯೇ ಸಂತ ಮುರೆಡಾಕ್ ಹೆಸರಿನ ದೊಡ್ಡ ಚರ್ಚು. ಪ್ರಾರ್ಥನೆಗೆ ಬಂದವರೂ ಸೇತುವೆಯ ಮೇಲೆ ನಿಂತು ನೀರಿನತ್ತ ಬಾಗಿ ನೋಡಿಯೇ ಮುಂದೆ ಹೋಗುವುದು ಅಲ್ಲಿನ ವಾಡಿಕೆಯಂತೆ ಕಂಡಿತು.

ನಮ್ಮನ್ನು ಕರೆದ ಹಿರಿಯರ ಮನೆ ಫಾಕ್ಸ್‌ಫರ್ಡಿನಿಂದ ತುಸು ದೂರದ ಹಳ್ಳಿಯಲ್ಲಿ. ಎಪ್ಪತ್ತೈದು ದಾಟಿದ ರೈತರು. ದನ ಸಾಕಣೆಯ ಕೆಲಸವನ್ನು ಮಗನಿಗೆ ಒಪ್ಪಿಸಿ ನದಿಯ ಕಡೆ ಮುಖ ಮಾಡಿದವರು. ನಾವು ಮೀನು ಮಾಂಸ ಮುಟ್ಟುವವರಲ್ಲವೆಂದು ಮೊದಲೇ ತಿಳಿದಿದ್ದ ಅವರ ಮನೆಯೊಡತಿ ಬೇಯಿಸಿದ ಆಲೂಗಡ್ಡೆ, ಎಲೆಕೋಸು, ಮಜ್ಜಿಗೆ ಹಾಕಿ ಮಾಡಿದ ಗೋಧಿಯ ರೊಟ್ಟಿ, ಬೆಣ್ಣೆ ಇವುಗಳನ್ನು ಪ್ರೀತಿಯಿಂದ ಬಡಿಸಿದರು. ಊಟದ ಪಾತ್ರೆಗಳನ್ನು ಬೇರೆಯಾಗಿಯೇ ಇಟ್ಟಿದ್ದೇನೆಂದು ಅವರು ಮೆಲ್ಲನೆ ಹೇಳಿದಾಗ ನಮ್ಮ ಮನೆಯವರ ಮನಸ್ಸು ಅರ್ಧ ಕರಗಿತು.

ಊಟದ ಅನಂತರ ಹಿರಿಯರು ಪೆಟ್ಟಿಗೆಯಿಂದ ಒಂದು ಹಳೆಯ ನಾಣ್ಯ ತೆಗೆದು ಹುಡುಗರ ಅಂಗೈಯಲ್ಲಿಟ್ಟರು. ಅದರ ಒಂದು ಮುಖದಲ್ಲಿ ಸಾಲ್ಮನ್ ಮೀನಿನ ಚಿತ್ರ. ಐರ್ಲೆಂಡ್ ಸ್ವತಂತ್ರವಾದ ಮೇಲೆ 1928ರಲ್ಲಿ ತನ್ನದೇ ನಾಣ್ಯಗಳನ್ನು ಹೊರಡಿಸಿದಾಗ ರಾಜರಾಣಿಯರ ಮುಖಗಳ ಬದಲು ಕುದುರೆ, ಗೂಳಿ, ಕೋಳಿ, ಮೀನುಗಳನ್ನು ಅಚ್ಚೊತ್ತಿತು. 2002ರಲ್ಲಿ ಯೂರೋ ನಾಣ್ಯ ಬರುವವರೆಗೂ ಸಾಲ್ಮನ್ ಮೀನು ಆ ಜನರ ಜೇಬಿನಲ್ಲಿಯೇ ಇತ್ತು.

ಈ ಮೀನನ್ನು ಕುರಿತು ಅವರಲ್ಲಿ ಪುರಾತನ ಕಥೆಯೊಂದಿದೆ. ಜ್ಞಾನದ ಮರದಿಂದ ಉದುರಿದ ಒಂಬತ್ತು ಕಾಯಿಗಳನ್ನು ನುಂಗಿ ಲೋಕದ ಅರಿವನ್ನೆಲ್ಲ ಪಡೆದ ಸಾಲ್ಮನ್ ಒಂದು ಬಾಯ್ನ್ ನದಿಯಲ್ಲಿತ್ತು. ಅದನ್ನು ಮೊದಲು ಸವಿದವನಿಗೆ ಆ ಅರಿವೆಲ್ಲ ದಕ್ಕುತ್ತದೆ. ಒಬ್ಬ ಕವಿ ಏಳು ವರ್ಷ ಕಾದು ಅದನ್ನು ಹಿಡಿದು, ಬೇಯಿಸಲು ಫಿನ್ ಎಂಬ ಬಾಲಶಿಷ್ಯನಿಗೆ ಕೊಟ್ಟು, ತಿನ್ನಕೂಡದೆಂದು ಕಟ್ಟಪ್ಪಣೆ ಮಾಡಿದ. ಮೀನಿನ ಬಿಸಿಗೆ ಹುಡುಗನ ಹೆಬ್ಬೆರಳು ಸುಟ್ಟಿತು. ನೋವು ತಾಳದೆ ಬೆರಳನ್ನು ಬಾಯಲ್ಲಿಟ್ಟುಕೊಂಡ. ಕವಿ ಏಳು ವರ್ಷ ಕಾದ ಅರಿವು ಹುಡುಗನ ಪಾಲಾಯಿತು. ಕವಿಯೂ ಸಿಟ್ಟಾಗದೆ, ಇದು ನಿನಗೇ ಸಲ್ಲಬೇಕಾದದ್ದು ಎಂದು ಇಡೀ ಮೀನನ್ನು ಅವನಿಗೆ ಕೊಟ್ಟನಂತೆ. ಕಥೆ ಮುಗಿಸಿ ಹಿರಿಯರು ನಕ್ಕು, "ಹಿರಿಯರು ಕಾಯುತ್ತಾರೆ, ಮಕ್ಕಳು ಕಲಿಯುತ್ತಾರೆ" ಎಂದರು.

ಸಾಲ್ಮನ್ ಮೀನಿನ ನಿಜವಾದ ಬಾಳು ಈ ಕಥೆಗಿಂತ ಕಡಿಮೆ ಸೋಜಿಗದ್ದಲ್ಲ. ಚಳಿಗಾಲದಲ್ಲಿ ಹೆಣ್ಣುಮೀನು ನದಿಯ ಮೇಲ್ಭಾಗದ ಸಣ್ಣ ಹಳ್ಳಗಳಲ್ಲಿ ಬಾಲದಿಂದ ಹರಳುಗಲ್ಲುಗಳನ್ನು ತೋಡಿ ಕುಳಿ ಮಾಡಿ ಮೊಟ್ಟೆಯಿಡುತ್ತದೆ. ವಸಂತದಲ್ಲಿ ಮರಿಗಳು ಹೊರಬರುತ್ತವೆ. ಅವು ಒಂದರಿಂದ ಮೂರು ವರ್ಷ ಆ ಸಿಹಿನೀರಿನಲ್ಲಿಯೇ ಹುಳಹುಪ್ಪಟೆ ತಿಂದು ಬೆಳೆಯುತ್ತವೆ. ಆಗ ಅವುಗಳ ಮೈಮೇಲೆ ಬೆರಳಚ್ಚಿನಂಥ ಪಟ್ಟೆಗಳು. ಬಳಿಕ ಒಂದು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಮೈಯೆಲ್ಲ ಬೆಳ್ಳಿಯಂತಾಗಿ, ಉಪ್ಪುನೀರನ್ನು ತಾಳುವಂತೆ ಒಳಗಿನ ಅಂಗಗಳೂ ಬದಲಾಗಿ, ಹೊಳೆಯ ಜಾಡು ಹಿಡಿದು ಕಡಲಿಗೆ ಇಳಿಯುತ್ತವೆ. ನಾರ್ವೆಯ ಕಡಲು, ಗ್ರೀನ್‌ಲ್ಯಾಂಡಿನ ಸಮುದ್ರ ಇವು ಅವುಗಳ ಮೇವಿನ ನೆಲೆಗಳು. ಒಂದು ಅಥವಾ ಎರಡು ಚಳಿಗಾಲ ಅಲ್ಲಿ ಕಳೆದು, ಹುಟ್ಟಿದ ನದಿಗೆ ಹಿಂದಿರುಗುತ್ತವೆ. ಕಡೆಯ ಹಂತದಲ್ಲಿ ತವರಿನ ನೀರಿನ ವಾಸನೆಯನ್ನು ಗುರುತಿಸಿಯೇ ಅವು ದಾರಿ ಹಿಡಿಯುತ್ತವೆಂದು ವಿಜ್ಞಾನಿಗಳು ಹೇಳುತ್ತಾರೆ. ನದಿಗೆ ಬಂದ ಮೇಲೆ ಅವು ಆಹಾರ ಮುಟ್ಟುವುದಿಲ್ಲ. ತಿಂಗಳುಗಟ್ಟಲೆ ಉಪವಾಸವಿದ್ದು, ಒಡ್ಡುಗಳನ್ನು ಹಾರಿ, ಪ್ರವಾಹಕ್ಕೆ ಎದುರಾಗಿ ಮೇಲೇರಿ, ಮೊಟ್ಟೆಯಿಟ್ಟು, ಬಹುಪಾಲು ಅಲ್ಲಿಯೇ ಅಸುನೀಗುತ್ತವೆ. ಕೆಲವೇ ಕೆಲವು ಮತ್ತೆ ಕಡಲನ್ನು ಕಾಣುತ್ತವೆ. ಇಷ್ಟನ್ನು ಕೇಳಿದ ನಮ್ಮ ಮನೆಯವರು, "ಹಾಗಾದರೆ ಇದು ಬಾಣಂತನಕ್ಕೆ ತವರಿಗೆ ಬರುವ ಮಗಳೇ ಆಯಿತಲ್ಲ! ಅದರ ಬಾಯಿಗೆ ಕೊಕ್ಕೆ ಹಾಕುವುದೇ?" ಎಂದರು. ಮಗಳು ಅದನ್ನು ಇಂಗ್ಲಿಷಿಗೆ ತಿಳಿಸಿದಾಗ ಹಿರಿಯರು ನಗಲಿಲ್ಲ. "ಬನ್ನಿ, ಹೊಳೆಗೆ ಹೋಗೋಣ" ಎಂದಷ್ಟೇ ಹೇಳಿದರು.

ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಸಂಜೆ ಏಳರ ಸುಮಾರಿಗೆ ಹುಲ್ಲುಗಾವಲನ್ನು ದಾಟಿ ದಡ ಸೇರಿದೆವು. ಪಶ್ಚಿಮಕ್ಕೆ ನೆಫಿನ್ ಬೆಟ್ಟ ಮೋಡದ ಪೇಟ ಸುತ್ತಿಕೊಂಡಿತ್ತು. ಜೌಗುನೆಲದ ಮೇಲಿನಿಂದ ಬರುವ ನೀರಾದ್ದರಿಂದ ನದಿಯ ಬಣ್ಣ ಕಷಾಯದಂತೆ ಕಂದು. ಆದರೂ ತಳದ ಕಲ್ಲು ಕಾಣುವಷ್ಟು ತಿಳಿ. ಹಿರಿಯರು ಮೊದಲು ಮಾಡಿದ ಕೆಲಸ ಗಾಳ ಬಿಚ್ಚುವುದಲ್ಲ, ನೀರಿನಲ್ಲಿ ಉಷ್ಣಮಾಪಕವನ್ನು ಇಳಿಬಿಡುವುದು. 20 ಡಿಗ್ರಿ ಮೀರಿದರೆ ನೀರಿನಲ್ಲಿ ಪ್ರಾಣವಾಯು ಸಾಲದೆ ಮೀನು ಬಳಲುತ್ತದೆ. ಆಗ ಹಿಡಿದು ಬಿಟ್ಟರೂ ಬದುಕುವುದು ಕಷ್ಟ. ಹಿಂದಿನ ವರ್ಷದ, ಅಂದರೆ 2023ರ ಜೂನ್, ಐರ್ಲೆಂಡಿನ ದಾಖಲೆಯಲ್ಲಿಯೇ ಅತಿ ಬಿಸಿಯ ಜೂನ್ ಆಗಿತ್ತು. ಆಗ ಎಷ್ಟೋ ಸಂಜೆ ಕೋಲು ಮುಟ್ಟದೆ ದಡದಲ್ಲಿ ಕುಳಿತು ಮನೆಗೆ ಮರಳಿದೆ ಎಂದರು. ನಾವು ಹೋದ ದಿನ ನೀರು ತಣ್ಣಗಿತ್ತು.

ಆ ನಾಡಿನ ನಿಯಮಗಳನ್ನೂ ಅವರು ವಿವರಿಸಿದರು. ಸಾಲ್ಮನ್‌ಗೆ ಗಾಳ ಹಾಕಲು ಸರ್ಕಾರದ ಪರವಾನಗಿ ಬೇಕು; ಮಕ್ಕಳಿಗೂ ಬೇಕು. ಮೀನನ್ನು ಇಟ್ಟುಕೊಂಡರೆ ಅಲ್ಲಿಯೇ ಅದಕ್ಕೆ ನಂಬರಿರುವ ಪಟ್ಟಿ ಕಟ್ಟಿ, ಪುಸ್ತಕದಲ್ಲಿ ಬರೆದು, ಋತು ಮುಗಿದ ಮೇಲೆ ಆ ಪುಸ್ತಕವನ್ನು ಇಲಾಖೆಗೆ ಒಪ್ಪಿಸಬೇಕು. ಗಾಳದಿಂದ ಹಿಡಿದ ಸಾಲ್ಮನ್ ಮಾರುವಂತಿಲ್ಲ. ಪ್ರತಿ ವರ್ಷವೂ ವಿಜ್ಞಾನಿಗಳು ಒಂದೊಂದು ನದಿಯ ಮೀನಿನ ಲೆಕ್ಕ ಹಾಕಿ, ಸಂತಾನಕ್ಕೆ ಬೇಕಾದಷ್ಟು ಮೀನಿದ್ದರೆ ನದಿ ತೆರೆದಿರುತ್ತದೆ; ಕಡಿಮೆಯಿದ್ದರೆ ಹಿಡಿದು ಬಿಡಬೇಕು; ತೀರ ಕಡಿಮೆಯಾದರೆ ಮುಚ್ಚಿಯೇ ಬಿಡುತ್ತಾರೆ. ನಮ್ಮ ಮೊಮ್ಮಗನಿಗೆ ಪರವಾನಗಿ ಇರಲಿಲ್ಲವಾದ್ದರಿಂದ ಅವನ ಕೈಗೆ ಟ್ರೌಟ್ ಮೀನಿನ ಸಣ್ಣ ಕೋಲು ಬಂತು. ಅದರ ತುದಿಯಲ್ಲಿದ್ದದ್ದು ಎರೆಹುಳವಲ್ಲ, ಗರಿ ಮತ್ತು ದಾರದಿಂದ ಕಟ್ಟಿದ ನೊಣದ ಗೊಂಬೆ. ಟ್ರೌಟ್ ನೀರಿನ ಮೇಲಿನ ಕೀಟಗಳನ್ನು ಹಿಡಿದು ತಿನ್ನುವ ಮೀನು. ಮೇ ತಿಂಗಳ ಕೊನೆಗೆ ಕಾನ್ ಸರೋವರದಿಂದ ಹೊರಡುವ ಒಂದು ಜಾತಿಯ ಕೀಟ ಒಂದೆರಡು ವರ್ಷ ಕೆಸರಿನಲ್ಲಿ ಬೆಳೆದು, ರೆಕ್ಕೆ ಮೂಡಿದ ಮೇಲೆ ತಿನ್ನಲು ಬಾಯಿಯೂ ಇಲ್ಲದೆ, ಒಂದೆರಡು ದಿನ ಹಾರಾಡಿ ಸಾಯುತ್ತದಂತೆ. ಆ ದಿನಗಳು ಟ್ರೌಟ್ ಮೀನುಗಳಿಗೆ ಹಬ್ಬ.

ಎರಡು ಗಂಟೆ ಕಳೆಯಿತು. ಮೊಮ್ಮಗನ ದಾರ ಮೂರು ಸಲ ಮರಕ್ಕೆ, ಒಂದು ಸಲ ಅವನ ಟೋಪಿಗೇ ಸಿಕ್ಕಿಕೊಂಡಿತು. ಮೀನು ಮಾತ್ರ ಬೀಳಲಿಲ್ಲ. ನಮ್ಮ ಮನೆಯವರು ದೂರದ ಕಲ್ಲಿನ ಮೇಲೆ ಶಾಲು ಹೊದ್ದು, ನದಿಗೆ ಅರ್ಧ ಬೆನ್ನು ತಿರುಗಿಸಿ ಕುಳಿತಿದ್ದರು. ಅಷ್ಟರಲ್ಲಿ ಹಿರಿಯರ ಕೋಲು ಬಿಲ್ಲಿನಂತೆ ಬಾಗಿತು. ಮಡುವಿನ ನಡುವೆ ಬೆಳ್ಳಿಯ ಮಿಂಚೊಂದು ಎದ್ದು ಬಿತ್ತು. ಅವರು ಬಹಳ ಹೊತ್ತು ಎಳೆದಾಡಿಸಲಿಲ್ಲ. ದಣಿಸಿದಷ್ಟೂ ಅದಕ್ಕೆ ಅಪಾಯವೆಂದು ಬೇಗನೆ ದಡಕ್ಕೆ ತಂದು, ಮೀನನ್ನು ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿದರು. ಕೊಕ್ಕೆಗೆ ಹಿಮ್ಮುಳ್ಳು ಇಲ್ಲದ್ದರಿಂದ ಸಲೀಸಾಗಿ ಬಂತು. ಬಳಿಕ ನಮ್ಮ ಮೊಮ್ಮಗನನ್ನು ಕರೆದು, ಕೈ ಒದ್ದೆ ಮಾಡಿಕೊಂಡು ಮೀನನ್ನು ಹೊಳೆಯ ಹರಿವಿಗೆ ಮುಖಮಾಡಿ ಹಿಡಿದುಕೊಳ್ಳುವಂತೆ ಹೇಳಿದರು. ಎರಡು ಎರಡೂವರೆ ಕಿಲೋ ತೂಗುವ ಮೀನು. ಕಡಲಲ್ಲಿ ಒಂದೇ ಚಳಿಗಾಲ ಕಳೆದು ಬಂದದ್ದಂತೆ.

ಮೀನು ಅಲುಗಲಿಲ್ಲ. ಕಿವಿರುಗಳು ಮಾತ್ರ ತೆರೆದು ಮುಚ್ಚುತ್ತಿದ್ದವು. ಹುಡುಗನ ತುಟಿ ನಡುಗಿತು. "ಅಜ್ಜಾ, ಸತ್ತುಹೋಗುತ್ತದೆಯೆ?" ಎಂದ. ನಮಗೆ ಮಾತು ಹೊರಡಲಿಲ್ಲ. ಹಿಂದಿರುಗಿ ನೋಡಿದರೆ ನಮ್ಮ ಮನೆಯವರು ಚಪ್ಪಲಿ ಕಳಚಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಆ ತಣ್ಣೀರಿನಲ್ಲಿ ಕಾಲಿಟ್ಟು ಮೊಮ್ಮಗನ ಪಕ್ಕದಲ್ಲಿ ನಿಂತಿದ್ದರು. "ಬಿಗಿ ಹಿಡಿಯಬೇಡ ಕಂದಾ, ಹಸುಗೂಸನ್ನು ಹಿಡಿದಂತೆ ಹಿಡಿ" ಎಂದರು. ಒಂದು ನಿಮಿಷವೋ ಎರಡೋ, ನಮಗದು ಒಂದು ಜಾವವೆನಿಸಿತು. ಆಮೇಲೆ ಬಾಲ ಒಮ್ಮೆ ಬೀಸಿತು. ಕೈಯೊಳಗಿದ್ದದ್ದು ಕಂದು ನೀರಿನಲ್ಲಿ ಕರಗಿಹೋಯಿತು. ಹುಡುಗ ತನ್ನ ಖಾಲಿ ಕೈಗಳನ್ನೇ ನೋಡುತ್ತ ನಿಂತ.

ದಡದಲ್ಲಿ ಕುಳಿತಾಗ ಅಜ್ಜಿ ತಮ್ಮ ಹಳೆಯ ಪ್ರಶ್ನೆಯನ್ನೇ ಕೇಳಿದರು: ಬಿಡುವುದಾದರೆ ಹಿಡಿಯುವುದೇಕೆ? ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಉತ್ತರಿಸಿದರು: "ಅದಕ್ಕೆ ನೋವಾಗುವುದಿಲ್ಲವೆಂದು ನಾನು ಹೇಳಲಾರೆ. ಚಿಕ್ಕಂದಿನಲ್ಲಿ ಹಿಡಿದದ್ದನ್ನೆಲ್ಲ ಮನೆಗೆ ಒಯ್ದವನು ನಾನು. ಈಗ ಒಂದನ್ನೂ ಒಯ್ಯುವುದಿಲ್ಲ. ಆದರೆ ನಾವು ನಾಲ್ಕು ಜನ ದಿನವೂ ಇಲ್ಲಿಗೆ ಬಾರದಿದ್ದರೆ ಹೊಳೆಗೆ ಏನಾಗುತ್ತಿದೆಯೆಂದು ನೋಡುವವರೇ ಇರುವುದಿಲ್ಲ."

ಹೊಳೆಗೆ ಆದದ್ದು ಸಣ್ಣದಲ್ಲ. 1975ರಲ್ಲಿ ಐರ್ಲೆಂಡಿನ ಕರಾವಳಿಗೆ ಹಿಂದಿರುಗಿದ ಸಾಲ್ಮನ್ ಮೀನುಗಳು ಸುಮಾರು 17 ಲಕ್ಷ 60 ಸಾವಿರ; 2022ರಲ್ಲಿ ಸುಮಾರು 1 ಲಕ್ಷ 72 ಸಾವಿರ. ಹತ್ತು ಬರುತ್ತಿದ್ದಲ್ಲಿ ಒಂದು. 1960ರ ದಶಕದಲ್ಲಿ ಹೊಲಗಳ ನೀರು ಬಸಿಯಲೆಂದು ಮೊಯ್ ನದಿಯ ಪಾತ್ರವನ್ನು ಯಂತ್ರಗಳಿಂದ ತೋಡಿದಾಗ ಮೊಟ್ಟೆಯಿಡುವ ಹರಳುಗಲ್ಲಿನ ಹಾಸುಗಳು ನಾಶವಾದವು. ಮುಂದೆ ಎಷ್ಟೋ ಕಡೆ ಅದೇ ಕಲ್ಲುಗಳನ್ನು ಮತ್ತೆ ತಂದು ಹಾಸಬೇಕಾಯಿತು. ಹೊಲಗದ್ದೆಗಳ ಗೊಬ್ಬರದ ಸಾರ ಕಾನ್ ಸರೋವರಕ್ಕೆ ಹರಿದು ಕೂಡಿದ ಕಾಲದಲ್ಲಿ, 1990ರ ಸುಮಾರಿಗೆ, ಹಿಮಯುಗದಿಂದ ಅಲ್ಲಿದ್ದ ಚಾರ್ ಎಂಬ ಮೀನಿನ ಸಂತತಿಯೇ ಅಳಿಯಿತು. ಪಶ್ಚಿಮ ಕರಾವಳಿಯಲ್ಲಿ ಕಡಲಿಗೆ ಹೋಗಿಬರುವ ಟ್ರೌಟ್ ಮೀನುಗಳು 1989ರಲ್ಲಿ ಒಮ್ಮೆಗೇ ಕುಸಿದವು. ಕಡಲಲ್ಲಿ ಸಾಲ್ಮನ್ ಸಾಕುವ ಪಂಜರಗಳಲ್ಲಿ ಹೆಚ್ಚಿದ ಹೇನುಗಳ ಕಡೆಗೆ ಸಂಶೋಧಕರು ಬೆರಳು ತೋರಿದರು. ಕಡಲಲ್ಲಿ ಮೈಲಿಗಟ್ಟಲೆ ತೇಲುಬಲೆ ಬಿಟ್ಟು ಹಿಡಿಯುವುದನ್ನು ಸರ್ಕಾರ 2007ರಿಂದ ನಿಲ್ಲಿಸಿತು. ತಲೆಮಾರುಗಳಿಂದ ಅದನ್ನೇ ನಂಬಿದ್ದ ಬೆಸ್ತರ ಮನೆಗಳು ಕಸುಬು ಕಳೆದುಕೊಂಡವು. ಅಷ್ಟಾದರೂ ಮೀನು ಮೊದಲಿನಂತೆ ಮರಳಲಿಲ್ಲ. ಕಾಯುತ್ತಿರುವ ಕಡಲೇ ಅವುಗಳಿಗೆ ಹಗೆಯಾಗುತ್ತಿದೆ. ಅಟ್ಲಾಂಟಿಕ್ ಸಾಲ್ಮನ್ ಅಪಾಯದ ಅಂಚಿಗೆ ಬಂದ ಜೀವಿಯೆಂದು 2023ರ ಡಿಸೆಂಬರ್‌ನಲ್ಲಿ ಜಾಗತಿಕ ಪಟ್ಟಿಯಲ್ಲಿ ಸೇರಿತು.

ಇದನ್ನೆಲ್ಲ ಕೇಳುತ್ತ ನಮ್ಮ ಮನೆಯವರು ಶೃಂಗೇರಿಯ ತುಂಗೆಯನ್ನು ನೆನೆದರು. ಅಲ್ಲಿ ಮೀನಿಗೆ ಮಂಡಕ್ಕಿ ಹಾಕುತ್ತೇವೆಯೇ ಹೊರತು ಗಾಳ ಹಾಕುವುದಿಲ್ಲ. ಹಿಡಿಯದೆಯೂ ಕಾಯಬಹುದಲ್ಲ ಎಂಬುದು ಅವರ ಮಾತು. ಅದು ನಿಜ. ಆದರೆ ಶಿಶಿಲದ ಕಪಿಲಾ ನದಿಯ ದೇವರ ಮೀನುಗಳಿಗೆ 1996ರಲ್ಲಿ ದುರುಳರು ವಿಷವಿಕ್ಕಿ ಕೊಂದದ್ದೂ ನಮಗೆ ನೆನಪಾಯಿತು. ಕೊಲ್ಲೆವೆಂಬ ವ್ರತ ನಮ್ಮ ಕೈಯನ್ನು ಶುದ್ಧವಾಗಿಟ್ಟೀತು. ಹೊಳೆಯನ್ನು ಶುದ್ಧವಾಗಿಡಲು ದಿನವೂ ದಡಕ್ಕೆ ಹೋಗಿ ನೋಡುವ ಕಣ್ಣು ಬೇಕು. ನಮ್ಮೂರಿನ ಹಳ್ಳದಲ್ಲಿ ಯಾವ ಮೀನಿದೆ, ಈಗ ಇದೆಯೋ ಇಲ್ಲವೋ ಎಂದು ಹಿರಿಯರು ಕೇಳಿದ್ದಿದ್ದರೆ ನಾವು ತಲೆ ತಗ್ಗಿಸಬೇಕಾಗುತ್ತಿತ್ತು. ಎಂದೂ ಮೀನು ತಿನ್ನದ ನಾವು ಎಂದೂ ಅದರ ಯೋಗಕ್ಷೇಮವನ್ನೂ ವಿಚಾರಿಸಿದವರಲ್ಲ.

ಗಾಳದ ಕೊಕ್ಕೆ ನಮಗೆ ಇಂದಿಗೂ ಒಗ್ಗಿಲ್ಲ. ಆ ಹಿರಿಯರನ್ನು ಮೆಚ್ಚಿದರೂ ಆ ಆಟವನ್ನು ಮೆಚ್ಚಲಾರೆವು. ಮೊಮ್ಮಗನಿಗೆ ನಾವು ಹೋಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವನೇ ಕೋಲನ್ನು ಮನೆಯಲ್ಲಿ ಬಿಟ್ಟು, ಹಿರಿಯರ ಜೊತೆ ಹೊಳೆಗೆ ಹೋಗಿ, ಕಲ್ಲುಗಳನ್ನು ಮಗುಚಿ ಅಡಿಯಲ್ಲಿ ಎಷ್ಟು ಜಾತಿಯ ಹುಳಗಳಿವೆಯೆಂದು ಎಣಿಸಿ ಬಂದ. ಹುಳಗಳಿದ್ದರೆ ನೀರು ಚೆನ್ನಾಗಿದೆಯೆಂದು ಅರ್ಥವಂತೆ. ಮುಂದೆ ಅವನು ಕೋಲು ಹಿಡಿಯುವನೋ ಬಿಡುವನೋ, ಅದು ಅವನಿಗೆ ಬಿಟ್ಟದ್ದು. ಹೊರಡುವಾಗ ಹಿರಿಯರು ಆ ಮೀನಿನ ನಾಣ್ಯವನ್ನು ಅವನ ಜೇಬಿಗೆ ಹಾಕಿದರು.

ನಾವು ಊರಿಗೆ ಮರಳಿ ತಿಂಗಳುಗಳಾದವು. ಡಬ್ಲಿನ್ನಿನಿಂದ ದೂರವಾಣಿ ಬಂದಾಗ ನಮ್ಮ ಮನೆಯವರು ಮೊದಲು ಮೊಮ್ಮಗನ ಊಟ, ಓದುಗಳನ್ನು ವಿಚಾರಿಸುತ್ತಾರೆ. ಆಮೇಲೆ ಮರೆಯದೆ ಕೇಳುತ್ತಾರೆ: "ಹೊಳೆಗೆ ಮಳೆ ಆಯಿತೇ ಕಂದಾ? ಮೀನು ಮೇಲೇರಿದವೇ?"